ಸುದ್ದಿ ಓದಿಸುವ ಪಾಠ: ಮಠಪತ್ರಿಕೆಯಿಂದ ಮೊಬೈಲ್‌ವರೆಗೆ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಯ ಟೋಲ್ ನಾಕಾ ಇರುವುದು ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿಯಲ್ಲಿ. ಅದನ್ನು ದಾಟಿದರೆ ಕಾಗಲ್, ಮುಂದೆ ಕೊಲ್ಹಾಪುರ. ಈ ಭಾಗದಲ್ಲಿ ಬೆಳಗಿನ ಚಹಾದ ಜತೆ ಹುಬ್ಬಳ್ಳಿ, ಬೆಳಗಾವಿಯಲ್ಲಿ ಅಚ್ಚಾದ ಕನ್ನಡ ಪತ್ರಿಕೆಯೂ ಸಿಗುತ್ತದೆ, ಮರಾಠಿಯ ‘ಪುಢಾರಿ’, ‘ತರುಣ ಭಾರತ’ವೂ ಸಿಗುತ್ತವೆ. 2022ರ ಡಿಸೆಂಬರ್‌ನಲ್ಲಿ ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದ ಬಿಸಿಯೇರಿದಾಗ, ಬೆಳಗಾವಿಗೆ ಹೊರಟಿದ್ದ ಮಹಾರಾಷ್ಟ್ರದ ಮುಖಂಡರನ್ನು ಪೊಲೀಸರು ಇದೇ ನಾಕಾದ ಬಳಿ ತಡೆದರು. ಮರುದಿನ ಆ ಸುದ್ದಿ ಎರಡೂ ಭಾಷೆಗಳಲ್ಲಿ ಬಂತು. ಯಾರ ಮಾತಿಗೆ ಮೊದಲ ಸಾಲು ಸಿಕ್ಕಿದೆ? ಯಾವ ಫೋಟೊ ಆರಿಸಿದ್ದಾರೆ? ಬಸ್ ನಿಂತುಹೋಗಿ ಪರದಾಡಿದವರ ಪ್ರಸ್ತಾಪ ಎಷ್ಟನೇ ಪ್ಯಾರಾದಲ್ಲಿದೆ? ಎರಡೂ ಭಾಷೆ ಓದಬಲ್ಲ ಇಲ್ಲಿನ ಒಂಬತ್ತನೇ ತರಗತಿಯ ಹುಡುಗಿ ಈ ಪ್ರಶ್ನೆಗಳನ್ನು ಎತ್ತಬಲ್ಲಳು. ದೊಡ್ಡ ಊರಿನ ದುಬಾರಿ ಶಾಲೆಗೂ ಸುಲಭವಾಗಿ ದಕ್ಕದ ಅನುಕೂಲ ಇದು. ಆದರೆ ಪತ್ರಿಕೆ ನಮ್ಮ ತರಗತಿಯೊಳಗೆ ಕಾಲಿಟ್ಟ ದಾರಿಯೇ ಬೇರೆ.

1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರಡಿಸಿದರು. ಶಾಲೆಗೂ ಪತ್ರಿಕೆಗೂ ನೇರ ನಂಟು ಬೆಳೆದದ್ದು ಮಾತ್ರ ಮುಂಬಯಿ ಕರ್ನಾಟಕದಲ್ಲಿ. ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ, 1865ರಲ್ಲಿ ಶುರುವಾದ ‘ಮಠಪತ್ರಿಕೆ’ ಕನ್ನಡ ಶಾಲೆಗಳ ಮಾಸ್ತರರಿಗಾಗಿಯೇ ಇತ್ತು. ಅದರ ಮುಂದುವರಿಕೆಯೇ ಧಾರವಾಡದ ‘ಜೀವನ ಶಿಕ್ಷಣ’. 1929ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ ಆಮೇಲೆ ಹುಬ್ಬಳ್ಳಿಗೆ ಹೋದ ‘ಸಂಯುಕ್ತ ಕರ್ನಾಟಕ’ ಜನರನ್ನು ತಿದ್ದಿ ಎಚ್ಚರಿಸುವುದನ್ನೇ ತನ್ನ ಕೆಲಸವೆಂದು ತಿಳಿಯಿತು. ಹಳೇ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿಯ ‘ಬೆಳಕು’ ವಾರಪತ್ರಿಕೆ ಹೊಸದಾಗಿ ಅಕ್ಷರ ಕಲಿತವರ ಕೈ ಸೇರಿತು. ಇವರೆಲ್ಲರ ಋಣ ದೊಡ್ಡದು. ಆದರೂ ಇವರೆಲ್ಲರ ಕಣ್ಣಿನಲ್ಲಿ ಪತ್ರಿಕೆ ತಿಳಿದವರು ತಿಳಿಯದವರಿಗೆ ಕೊಡುವ ವಸ್ತು. ಓದುವವನು ತೆಗೆದುಕೊಳ್ಳಬೇಕು, ಅಷ್ಟೆ. ಪ್ರಾರ್ಥನೆಯ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಮುಂದೆ ನಿಂತು ತಲೆಬರಹಗಳನ್ನು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ಸಾಲು ಚದುರುವ ಪದ್ಧತಿ ಆ ನಂಬಿಕೆಯಿಂದಲೇ ಬಂದದ್ದು.

ಇದೇ ಕಾಲದಲ್ಲಿ ಯುರೋಪಿನ ಕೆಲವು ಹಳ್ಳಿ ಶಾಲೆಗಳು ಬೇರೆ ದಾರಿ ಹುಡುಕಿದ್ದವು. ಫ್ರಾನ್ಸಿನ ಸೆಲೆಸ್ತಾಂ ಫ್ರೆನೆ 1920ರ ದಶಕದಲ್ಲಿ ತರಗತಿಗೇ ಪುಟ್ಟ ಅಚ್ಚಿನ ಯಂತ್ರ ತಂದು ಮಕ್ಕಳಿಂದ ಪತ್ರಿಕೆ ಮಾಡಿಸಿದರು. ನನಗೆ ಅದಕ್ಕಿಂತ ಹತ್ತಿರವೆನಿಸುವುದು ಇಟಲಿಯ ಬಾರ್ಬಿಯಾನಾ. 1954ರ ಕೊನೆಗೆ ಆ ಬೆಟ್ಟದೂರಿಗೆ ಬಂದ ಪಾದ್ರಿ ಲೊರೆಂಜೊ ಮಿಲಾನಿ, ಸರ್ಕಾರಿ ಶಾಲೆ ಫೇಲು ಮಾಡಿ ಹೊರಹಾಕಿದ ರೈತರ ಮಕ್ಕಳನ್ನು ಕೂರಿಸಿಕೊಂಡು ದಿನವೂ ಪತ್ರಿಕೆ ಓದಿಸುತ್ತಿದ್ದರು. ಅವಸರವಿರಲಿಲ್ಲ. ತಿಳಿಯದ ಒಂದು ಪದ ಬಂದರೆ ಅದರ ಇತಿಹಾಸ, ಭೂಗೋಳ, ಕಾನೂನು ಎಲ್ಲ ಬಿಚ್ಚಿ ನೋಡಿದ ಮೇಲೆಯೇ ಮುಂದಿನ ಸಾಲು. 1967ರಲ್ಲಿ ಆ ಮಕ್ಕಳೇ ಕೂಡಿ ಶಿಕ್ಷಕಿಯೊಬ್ಬರಿಗೆ ಬರೆದ ದೀರ್ಘ ಪತ್ರ ಪುಸ್ತಕವಾಗಿ ಬಂದು ಇಟಲಿಯ ಶಿಕ್ಷಣ ವ್ಯವಸ್ಥೆಯನ್ನೇ ಅಲುಗಾಡಿಸಿತು. ಪತ್ರಿಕೆಯನ್ನು ಬಡವರ ಮಕ್ಕಳ ಪಠ್ಯಪುಸ್ತಕ ಮಾಡಿದರೆ ಏನಾದೀತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಕಂಡಿಲ್ಲ.

ನಮ್ಮಲ್ಲಿ ಮುಂದಿನ ಹೆಜ್ಜೆ ಇಟ್ಟದ್ದು ಪತ್ರಿಕಾ ಸಂಸ್ಥೆಗಳು. ಅಮೆರಿಕದಲ್ಲಿ ಬೆಳೆದ ‘ಶಿಕ್ಷಣದಲ್ಲಿ ಪತ್ರಿಕೆ’ ಕಾರ್ಯಕ್ರಮವನ್ನು ಇಂಗ್ಲಿಷ್ ದಿನಪತ್ರಿಕೆಗಳು ಇಲ್ಲಿಗೆ ತಂದು, ನಗರದ ಶಾಲೆಗಳಿಗೆ ವಿದ್ಯಾರ್ಥಿ ಆವೃತ್ತಿಗಳನ್ನು ಹಂಚಿದವು. ಕನ್ನಡ ಪತ್ರಿಕೆಗಳು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮಾದರಿ ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿಗಳ ಪುಟ ಕೊಟ್ಟವು. ಹಳ್ಳಿಯ ಮಕ್ಕಳಿಗೆ ಅದರಿಂದ ಉಪಕಾರವಾಗಿದೆ, ನಿಜ. ಆದರೆ ಮುಖಪುಟದ ಸುದ್ದಿ ಪಕ್ಕಕ್ಕೆ ಸರಿದು, ಪತ್ರಿಕೆ ಇನ್ನೊಂದು ಗೈಡ್ ಆಯಿತು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಹೊರಗಿನ ಬದುಕಿಗೆ ಪಾಠವನ್ನು ಜೋಡಿಸಬೇಕೆಂದಿತು. ಅದರ ಬೆನ್ನಿಗೆ ಬಂದ ಎನ್‌ಸಿಇಆರ್‌ಟಿಯ ಏಳನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಮಾಧ್ಯಮಗಳ ಬಗ್ಗೆಯೇ ಒಂದು ಅಧ್ಯಾಯವಿತ್ತು: ಪತ್ರಿಕೆಗೆ ದುಡ್ಡು ಎಲ್ಲಿಂದ ಬರುತ್ತದೆ, ಯಾವ ಸುದ್ದಿ ಬೇಕು ಯಾವುದು ಬೇಡ ಎಂದು ನಿರ್ಧರಿಸುವವರು ಯಾರು ಎಂಬುದನ್ನು ಅದು ಮಕ್ಕಳ ಮುಂದಿಟ್ಟಿತು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದಾಗ ಕರ್ನಾಟಕದ ಶಾಲೆಗಳಿಗೂ ಚಟುವಟಿಕೆ, ಯೋಜನೆಗಳು ಬಂದವು. ಆಮೇಲೆ ಆದದ್ದು ಶಿಕ್ಷಕರಿಗೆಲ್ಲ ಗೊತ್ತು. ಕತ್ತರಿ, ಗೋಂದು, ಡ್ರಾಯಿಂಗ್ ಶೀಟು. ಬರಗಾಲದ ಸುದ್ದಿಗಳನ್ನು ಅಂಟಿಸಿದ ಆಲ್ಬಮ್ಮಿಗೆ ಆಂತರಿಕ ಅಂಕ ಬಿತ್ತು. ಅಂಟಿಸಿದ ಸುದ್ದಿಯನ್ನು ಓದಿದ್ದೀಯಾ ಎಂದು ಕೇಳಲು ಅರವತ್ತು ಮಕ್ಕಳ ತರಗತಿಯಲ್ಲಿ ಪುರುಸೊತ್ತಿರಲಿಲ್ಲ. ಶಿಕ್ಷಕರನ್ನು ದೂರುವುದರಲ್ಲಿ ಅರ್ಥವಿಲ್ಲ. ಒಂದು ವರದಿಯನ್ನು ಹೇಗೆ ಓದಿಸಬೇಕೆಂದು ಅವರಿಗೆ ಕೂರಿಸಿ ಹೇಳಿಕೊಟ್ಟವರು ಬಹಳ ಕಡಿಮೆ.

ಶಾಲೆಯ ಹೊರಗೆ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಲೇಬೇಕು. 1990ರಲ್ಲಿ ಕರ್ನಾಟಕದ ದುಡಿಯುವ ಮಕ್ಕಳು ಕಟ್ಟಿಕೊಂಡ ‘ಭೀಮ ಸಂಘ’ದ ಜತೆ ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆ ಬೆಳೆಯಿತು. ಹೋಟೆಲಿನಲ್ಲಿ ಲೋಟ ತೊಳೆಯುವ, ಮನೆಗೆಲಸ ಮಾಡುವ ಮಕ್ಕಳ ಬದುಕೇ ಅದರಲ್ಲಿ ಸುದ್ದಿ. ಸುದ್ದಿ ಮಾಡಲು ಕುಳಿತವರಿಗೆ ಯಾವುದನ್ನು ಬಿಟ್ಟೆವು, ಯಾಕೆ ಬಿಟ್ಟೆವು ಎಂಬುದು ತಾನಾಗಿ ತಿಳಿಯುತ್ತದೆ.

ಮೊಬೈಲ್ ಬಂದ ಮೇಲೆ ಈ ವಿಷಯ ಜೀವನ್ಮರಣದ್ದಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅದಕ್ಕೂ ಎರಡು ವರ್ಷ ಮೊದಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ತಂಡ ಒಂದು ವರದಿ ಹೊರತಂದಿತ್ತು. ಅದರ ಪ್ರಕಾರ, ‘ಪ್ರಾಯೋಜಿತ’ ಎಂದು ಬರೆದಿದ್ದರೂ ಜಾಹೀರಾತನ್ನು ಸುದ್ದಿಯೆಂದೇ ತಿಳಿದ ಮಾಧ್ಯಮಿಕ ಶಾಲಾ ಮಕ್ಕಳು ಶೇ 80ಕ್ಕೂ ಹೆಚ್ಚು. ಕೇರಳದ ಕಣ್ಣೂರು ಜಿಲ್ಲಾಡಳಿತ ಲಸಿಕೆಯ ವಿರುದ್ಧ ಹಬ್ಬಿದ ಸುಳ್ಳಿನಿಂದ ಎಚ್ಚೆತ್ತು, 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೆ’ ಎಂಬ ತರಗತಿ ನಡೆಸಿತು. ಆಮೇಲೆ ಅದು ಇಡೀ ರಾಜ್ಯಕ್ಕೆ ಹಬ್ಬಿ, 2024ರಲ್ಲಿ ಐದು ಮತ್ತು ಏಳನೇ ತರಗತಿಗಳ ಮಾಹಿತಿ ತಂತ್ರಜ್ಞಾನ ಪುಸ್ತಕದಲ್ಲೇ ಸುಳ್ಳು ಸುದ್ದಿ ಪತ್ತೆ ಪಾಠವಾಯಿತು. ಕೇರಳದ ಪಠ್ಯಪುಸ್ತಕಗಳು ಕನ್ನಡ ಮಾಧ್ಯಮದಲ್ಲೂ ಬರುವುದರಿಂದ ಕಾಸರಗೋಡಿನ ಕನ್ನಡ ಮಕ್ಕಳಿಗೆ ಆ ಪಾಠ ಕನ್ನಡದಲ್ಲೇ ಸಿಗುತ್ತಿದೆ. ಆ ಗಡಿಯಲ್ಲಿ ಆದದ್ದು ಈ ಗಡಿಯಲ್ಲೂ ಆಗಬೇಕು.

ಆದರೆ ಸುಳ್ಳು ಹಿಡಿಯುವುದೊಂದೇ ಸಾಲದು. ನಿಜ ಸುದ್ದಿಯನ್ನು ಪೂರ್ತಿ ಓದುವುದು ಅದಕ್ಕಿಂತ ಕಷ್ಟ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತರು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಎಷ್ಟೋ ಮಕ್ಕಳ ಮನೆಯ ಸುದ್ದಿ ಅದು. ಕೇಂದ್ರ ಸರ್ಕಾರ ನಿಗದಿ ಮಾಡುವ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ಆ ಹಂಗಾಮಿಗೆ ಕ್ವಿಂಟಲ್‌ಗೆ 355, ಅಂದರೆ ಟನ್ನಿಗೆ 3,550. ಸರ್ಕಾರ ಕೊಡಬೇಕೆಂದು ಹೇಳಿದ್ದಕ್ಕಿಂತ ಕಡಿಮೆ ಕೇಳಿ ರೈತರು ಯಾಕೆ ಹೋರಾಡಿದರು? ತಲೆಬರಹ ಮಾತ್ರ ಓದಿದವನಿಗೆ ಉತ್ತರ ಸಿಗದು. ಒಳಗೆ ಹೋದರೆ ಎರಡು ಎಳೆ ಸಿಗುತ್ತವೆ. ಒಂದು ರಿಕವರಿ: 355 ಎಂಬುದು ಶೇ 10.25 ಸಕ್ಕರೆ ಇಳುವರಿಗೆ, ಅದರ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಕೂಡುತ್ತದೆ. ಇನ್ನೊಂದು ಕಟಾವು ಮತ್ತು ಸಾಗಾಣಿಕೆ: ಎಫ್‌ಆರ್‌ಪಿಯಲ್ಲಿ ಆ ಖರ್ಚು ಸೇರಿದೆ, ರೈತರು ಕೇಳಿದ್ದು ಅದನ್ನು ಬಿಟ್ಟು ಕೈಗೆ ಬರುವ ದುಡ್ಡು. ಕಡೆಗೆ ಕಾರ್ಖಾನೆಯಿಂದ 50, ರಾಜ್ಯ ಸರ್ಕಾರದಿಂದ 50 ಹೆಚ್ಚಿಗೆ ಸೇರಿ ಶೇ 11.25 ಇಳುವರಿಗೆ 3,300 ಎಂದಾಯಿತು. ಲೆಕ್ಕ ಹಾಕಿದರೆ ಆ ಇಳುವರಿಗೆ ಎಫ್‌ಆರ್‌ಪಿ ಟನ್ನಿಗೆ 3,896. ನಡುವಿನ ಅಂತರ 596. ನಮ್ಮ ಫ್ಯಾಕ್ಟರಿ ಗ್ಯಾಂಗಿಗೂ ಟ್ರ್ಯಾಕ್ಟರಿಗೂ ಹಿಡಿದುಕೊಳ್ಳುವುದು ಇದಕ್ಕಿಂತ ಹೆಚ್ಚೋ ಕಡಿಮೆಯೋ? ಮಕ್ಕಳು ಮನೆಯಿಂದ ಹಳೆಯ ಬಿಲ್ಲು ತಂದು ನೋಡಬಹುದು. ಕಬ್ಬು ಕಡಿಯುವ ಗ್ಯಾಂಗಿನವರನ್ನು ವರದಿಗಾರರು ಮಾತಾಡಿಸಿದ್ದಾರೆಯೇ ಎಂದೂ ಹುಡುಕಬಹುದು. ಓದು, ಗಣಿತ, ಅರ್ಥಶಾಸ್ತ್ರ, ನ್ಯಾಯದ ಪ್ರಶ್ನೆ, ಎಲ್ಲವೂ ಅರ್ಧ ಪುಟದ ಸುದ್ದಿಯಲ್ಲಿವೆ.

ಇದಕ್ಕೆಲ್ಲ ಮೊದಲು ಓದು ಬರಬೇಕು. 14ರಿಂದ 18 ವಯಸ್ಸಿನವರನ್ನು ನೋಡಿದ 2023ರ ‘ಅಸರ್’ ಸಮೀಕ್ಷೆಯಲ್ಲಿ ಕಾಲು ಭಾಗದಷ್ಟು ಮಕ್ಕಳಿಗೆ ತಮ್ಮ ಭಾಷೆಯ ಎರಡನೇ ತರಗತಿ ಮಟ್ಟದ ಪಠ್ಯವನ್ನೂ ಸರಾಗವಾಗಿ ಓದಲಾಗಲಿಲ್ಲ. ಅವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಅವರಿಗೆ ಬೇಕಿರುವುದು ಬಾರ್ಬಿಯಾನಾದ ನಿಧಾನ: ವಾರಕ್ಕೆ ಒಂದೇ ಸುದ್ದಿ, ಗಟ್ಟಿಯಾಗಿ, ಗುಂಪಿನಲ್ಲಿ. ಜಾಗವೂ ಇದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಈಗ ‘ಅರಿವು ಕೇಂದ್ರ’ಗಳೆನ್ನುವ ಆ ಕೋಣೆಗಳಲ್ಲಿ ಪತ್ರಿಕೆ ಬರುತ್ತದೆ, ಸಂಜೆ ಮಕ್ಕಳೂ ಬರುತ್ತಾರೆ. ಪತ್ರಿಕೆಯನ್ನೂ ಮಕ್ಕಳನ್ನೂ ಒಂದೇ ಮೇಜಿಗೆ ತರುವವರು ಬೇಕು.

ಪರೀಕ್ಷೆ ಬದಲಾಗದೆ ಶಾಲೆ ಬದಲಾಗದು ಎಂಬುದೂ ಸತ್ಯ. ಎಸ್ಸೆಸ್ಸೆಲ್ಸಿ ಭಾಷಾ ಪತ್ರಿಕೆಯಲ್ಲಿ ಓದಿರದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವ ಪದ್ಧತಿ ಈಗಾಗಲೇ ಇದೆ. ಅದರ ಬದಲು ಒಂದೇ ಘಟನೆಯ ಎರಡು ವರದಿ ಕೊಟ್ಟು, ಇದರಲ್ಲಿರುವ ಯಾವ ವಿವರ ಅದರಲ್ಲಿಲ್ಲ ಎಂದು ಕೇಳಿದರೆ ಸಾಕು, ಎಲ್ಲ ಶಾಲೆಗಳೂ ಅದನ್ನು ಕಲಿಸತೊಡಗುತ್ತವೆ. ನಿಪ್ಪಾಣಿ ಭಾಗದಲ್ಲಿ ಅಷ್ಟು ದಿನ ಕಾಯಬೇಕಿಲ್ಲ. ಕನ್ನಡ ಮಾಧ್ಯಮದ ಶಾಲೆಯೂ ಮರಾಠಿ ಮಾಧ್ಯಮದ ಶಾಲೆಯೂ ಒಂದೇ ಊರಿನಲ್ಲಿವೆ. ಶನಿವಾರ ಬೆಳಗಿನ ಒಂದು ಅವಧಿ ಎರಡೂ ಶಾಲೆಯ ಒಂಬತ್ತನೇ ತರಗತಿಯನ್ನು ಒಟ್ಟಿಗೆ ಕೂರಿಸಿ, ಆ ವಾರದ ಒಂದು ಸುದ್ದಿಯನ್ನು ಎರಡು ಪತ್ರಿಕೆಗಳಿಂದ ಓದಿಸಲು ಇಬ್ಬರು ಶಿಕ್ಷಕರ ಒಪ್ಪಿಗೆಯೊಂದೇ ಬೇಕಾದದ್ದು.