ಗಾಂಜಾ ಕಾನೂನು ಸುಧಾರಣೆ: ಕ್ಯಾಲಿಫೋರ್ನಿಯಾದ ಜನಚಳವಳಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಗಾಂಜಾ ಬೆಳೆಯುವುದು, ಇಟ್ಟುಕೊಳ್ಳುವುದು, ಸೇವಿಸುವುದು ಅಪರಾಧವೆಂದು ಸಾರಿದ್ದ ಕಾನೂನುಗಳ ವಿರುದ್ಧ 1964ರಿಂದ ಐದು ದಶಕ ನಡೆದ ಹೋರಾಟ. 1996ರ ನವೆಂಬರ್ 5ರಂದು ಮತದಾರರು ಪ್ರಪೊಸಿಷನ್ 215 ಅನ್ನು ಒಪ್ಪಿದ್ದರಿಂದ, ವೈದ್ಯರ ಶಿಫಾರಸಿನ ಮೇಲೆ ರೋಗಿಗಳು ಗಾಂಜಾ ಬಳಸಲು ಅವಕಾಶ ಕೊಟ್ಟ ಅಮೆರಿಕದ ಮೊದಲ ರಾಜ್ಯ ಇದಾಯಿತು. ಚಳವಳಿಯನ್ನು ಕಟ್ಟಿದವರು ಪಕ್ಷದ ನಾಯಕರಲ್ಲ. ಒಬ್ಬ ಗಾಂಜಾ ವ್ಯಾಪಾರಿ, ಹೋಟೆಲಿನಲ್ಲಿ ಬಡಿಸುತ್ತಿದ್ದ ಒಬ್ಬ ಅಜ್ಜಿ, ಒಬ್ಬ ಮನೋವೈದ್ಯ, ಮೂರ್ಛೆರೋಗದಿಂದ ನರಳುತ್ತಿದ್ದ ಒಬ್ಬ ಹೆಣ್ಣುಮಗಳು, ಒಬ್ಬ ದಾದಿ. ವೈಯಕ್ತಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಕೇಳಿದಾಗ ಹೆಚ್ಚೇನೂ ಕದಲದ ಕಾನೂನು, ಏಡ್ಸ್ ರೋಗಿಗಳ ಪರವಾಗಿ ಕೇಳಿದಾಗ ಕದಲಿತು. ಈ ಇತಿಹಾಸದ ತಿರುಳು ಅದೇ.

ನಿಷೇಧದ ಹಿನ್ನೆಲೆ

ಕ್ಯಾಲಿಫೋರ್ನಿಯಾ ಗಾಂಜಾವನ್ನು ನಿಷೇಧಿಸಿದ್ದು 1913ರಲ್ಲಿ, ಕೇಂದ್ರ ಸರ್ಕಾರಕ್ಕಿಂತ ಎಷ್ಟೋ ಮೊದಲು. ಇದರ ಹಿಂದೆ ಭಾರತೀಯರ ಹೆಸರೂ ಇದೆ. ರಾಜ್ಯ ಔಷಧ ಮಂಡಳಿಯ ಹೆನ್ರಿ ಫಿಂಗರ್ 1911ರಲ್ಲಿ ಬರೆದ ಪತ್ರದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿಯುತ್ತಿರುವ ‘ಹಿಂದೂ’ಗಳು ಈ ಚಟವನ್ನು ಬಿಳಿಯರಿಗೂ ಹಚ್ಚುತ್ತಿದ್ದಾರೆಂದು ದೂರಿದ. ಅವನು ‘ಹಿಂದೂ’ ಎಂದದ್ದು ಹೆಚ್ಚಾಗಿ ಪಂಜಾಬಿನಿಂದ ಹೊಲಗೆಲಸಕ್ಕೆ ಹೋಗಿದ್ದ ಸಿಖ್ಖರನ್ನು. ಅವರ ಜೇಬಿನಲ್ಲಿ ಏನಿತ್ತು ಎನ್ನುವುದಕ್ಕಿಂತ ಅವರ ಮುಂಡಾಸೇ ಆಗಿನ ಅಧಿಕಾರಿಗಳ ಕಣ್ಣು ಕುಕ್ಕಿರಬೇಕು.

1937ರ ತೆರಿಗೆ ಕಾಯ್ದೆ ದೇಶದಾದ್ಯಂತ ಗಾಂಜಾಕ್ಕೆ ಬೀಗ ಜಡಿಯಿತು. ಮಾದಕವಸ್ತು ಇಲಾಖೆಯ ಮುಖ್ಯಸ್ಥ ಹ್ಯಾರಿ ಆನ್‌ಸ್ಲಿಂಗರ್ ಅದರ ಬೆನ್ನಿಗಿದ್ದ. ಅಮೆರಿಕನ್ ವೈದ್ಯಕೀಯ ಸಂಘದ ಪರವಾಗಿ ಡಾ. ವಿಲಿಯಂ ವುಡ್‌ವರ್ಡ್ ಸಂಸದೀಯ ಸಮಿತಿಯ ಮುಂದೆ ವಿರೋಧಿಸಿದರೂ ಪ್ರಯೋಜನವಾಗಲಿಲ್ಲ. 1970ರ ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆಗೆ ಮೊದಲನೇ ಪಟ್ಟಿಗೆ, ಎಂದರೆ ವೈದ್ಯಕೀಯ ಉಪಯೋಗವೇ ಇಲ್ಲದ ವಸ್ತುಗಳ ಸಾಲಿಗೆ ಸೇರಿಸಿತು. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಹೂತೆನೆಯನ್ನು ನಿಷೇಧಿಸಿ, ಬರಿಯ ಭಂಗಿ ಸೊಪ್ಪನ್ನು ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಮೆರಿಕದಲ್ಲಿ ಅಂಥ ಸಂದು ಇರಲಿಲ್ಲ.

ಮೊದಲ ಹೆಜ್ಜೆಗಳು

1964ರ ಆಗಸ್ಟ್ 16ರಂದು ಲೋವೆಲ್ ಎಗ್ಮೇಯರ್ ಎಂಬ ಯುವಕ ಸ್ಯಾನ್ ಫ್ರಾನ್ಸಿಸ್ಕೋದ ಪೊಲೀಸ್ ಮತ್ತು ನ್ಯಾಯಾಲಯ ಕಟ್ಟಡದೊಳಗೆ ನಡೆದುಹೋಗಿ, ಗಾಂಜಾ ಸಿಗರೇಟು ಹಚ್ಚಿ, ತನ್ನನ್ನು ಬಂಧಿಸಿ ಎಂದು ಕೇಳಿಕೊಂಡ. ಪೊಲೀಸರು ಕೇಳಿದಂತೆಯೇ ಮಾಡಿದರು. ಅವನ ಪರ ವಕೀಲ ಜೇಮ್ಸ್ ವೈಟ್ ರಾಜಕೀಯದಲ್ಲಿ ಕಟ್ಟಾ ಬಲಪಂಥೀಯ; ಆದರೆ ಪ್ರಜೆಯ ಖಾಸಗಿ ಬದುಕಿನಲ್ಲಿ ಸರ್ಕಾರ ತಲೆಹಾಕಬಾರದೆಂಬುದು ಅವನ ನಿಲುವು. ಅವನು ಕಟ್ಟಿದ ಲೆಮಾರ್, ಗಾಂಜಾ ಕಾನೂನಿನ ವಿರುದ್ಧ ಹುಟ್ಟಿದ ಅಮೆರಿಕದ ಮೊದಲ ಸಂಘಟನೆ. ಕವಿ ಅಲೆನ್ ಗಿನ್ಸ್‌ಬರ್ಗ್ ನ್ಯೂಯಾರ್ಕಿನಲ್ಲಿ ಅದರ ಶಾಖೆ ತೆರೆದು, 1965ರ ಜನವರಿಯಲ್ಲಿ ಹಿಮ ಸುರಿಯುತ್ತಿರುವಾಗ ಮಹಿಳಾ ಬಂದೀಖಾನೆಯ ಮುಂದೆ ಫಲಕ ಹಿಡಿದು ನಿಂತ. ಆ ಚಿತ್ರ ಜಗತ್ಪ್ರಸಿದ್ಧವಾಯಿತು. ಕಾನೂನು ಮಾತ್ರ ಇದ್ದಲ್ಲೇ ಇತ್ತು.

ಕ್ಯಾಲಿಫೋರ್ನಿಯಾದಲ್ಲಿ 1911ರಿಂದಲೂ ಒಂದು ಪದ್ಧತಿಯಿದೆ. ನಿಗದಿತ ಸಂಖ್ಯೆಯ ಮತದಾರರ ಸಹಿ ಸಂಗ್ರಹಿಸಿದರೆ, ಶಾಸನಸಭೆಯನ್ನು ದಾಟಿ, ಯಾವುದೇ ಮಸೂದೆಯನ್ನು ನೇರವಾಗಿ ಜನರ ಮತಕ್ಕೆ ಹಾಕಬಹುದು. ಇಂಥ ಮಸೂದೆಗೆ ಪ್ರಪೊಸಿಷನ್ ಎಂದು ಹೆಸರು. ಸಾಮಾನ್ಯ ಕಾನೂನಿಗಾದರೆ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 5ರಷ್ಟು ಸಹಿ ಬೇಕು. ಭಾರತದಲ್ಲಿ ಹೀಗೊಂದು ದಾರಿಯೇ ಇಲ್ಲದ್ದರಿಂದ ನಮ್ಮ ಓದುಗರಿಗೆ ಇದರ ಕಸುವು ತಟ್ಟನೆ ಹೊಳೆಯಲಿಕ್ಕಿಲ್ಲ. ಅಲ್ಲಿನ ಕಾರ್ಯಕರ್ತನ ಮುಖ್ಯ ಕೆಲಸ ಭಾಷಣವಲ್ಲ. ಅಂಗಡಿ ಮುಂದೆ ಮಡಚುವ ಮೇಜು ಹಾಕಿಕೊಂಡು, ದಾರಿಹೋಕರನ್ನು ನಿಲ್ಲಿಸಿ, ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ವಿಚಾರಿಸಿ, ಸಹಿಯ ಜೊತೆಗೆ ವಿಳಾಸವನ್ನೂ ಸರಿಯಾಗಿ ಬರೆಸಿಕೊಳ್ಳುವುದು. ನೋಂದಾಯಿಸಿಕೊಳ್ಳದವನ ಸಹಿ ಲೆಕ್ಕಕ್ಕಿಲ್ಲ. ಆದ್ದರಿಂದ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಸಹಿ ತರಬೇಕಾಗುತ್ತದೆ.

ಈ ದಾರಿಯನ್ನು ಮೊದಲು ಹಿಡಿದದ್ದು 1972ರ ಪ್ರಪೊಸಿಷನ್ 19. ಅದರ ಹಿಂದಿದ್ದ ಅಮಾರ್ಫಿಯಾ ಎಂಬ ಗುಂಪು ಸಿಗರೇಟು ಸುತ್ತುವ ಕಾಗದ ಮಾರಿ ಹಣ ಹೊಂದಿಸುತ್ತಿತ್ತು. ಸ್ವಯಂಸೇವಕರು ಸಹಿ ತಂದರು. ಚುನಾವಣೆಯಲ್ಲಿ ಸಿಕ್ಕಿದ್ದು ಶೇ. 33ರಷ್ಟು ಮತ. ಆದರೂ ಮೂವರಲ್ಲಿ ಒಬ್ಬ ಮತದಾರ ಜೊತೆಗಿದ್ದಾನೆಂದು ಶಾಸಕರಿಗೆ ಗೊತ್ತಾಯಿತು. 1975ರಲ್ಲಿ ಜಾರ್ಜ್ ಮೋಸ್ಕೋನಿ ಮಂಡಿಸಿದ ಮಸೂದೆ ಒಂದು ಔನ್ಸ್, ಎಂದರೆ ಸುಮಾರು 28 ಗ್ರಾಂವರೆಗಿನ ಗಾಂಜಾಕ್ಕೆ ಜೈಲು ತಪ್ಪಿಸಿ 100 ಡಾಲರ್ ದಂಡಕ್ಕೆ ಇಳಿಸಿತು. ಇದೇ ಕಾಲದಲ್ಲಿ ಕೀತ್ ಸ್ಟ್ರೂಪ್ 1970ರಲ್ಲಿ ಸ್ಥಾಪಿಸಿದ ನಾರ್ಮಲ್ ಸಂಸ್ಥೆ ವಾಷಿಂಗ್ಟನ್ನಿನಲ್ಲಿ ವಕೀಲಿಕೆಯ ಮಾದರಿಯಲ್ಲಿ ಕೆಲಸ ಮಾಡುತ್ತಿತ್ತು. ಅಮಾರ್ಫಿಯಾ ಮುಂದೆ ಅದರಲ್ಲೇ ವಿಲೀನವಾಯಿತು.

ಭಾರತದಿಂದ ಹೋದ ಪುರಾವೆ

ಬರ್ಕ್ಲಿಯ ಮನೋವೈದ್ಯ ಡಾ. ಟಾಡ್ ಮಿಕುರಿಯಾ ಚಳವಳಿಗೆ ಒದಗಿಸಿದ್ದು ಹಳೆಯ ಕಡತಗಳನ್ನು. 1967ರಲ್ಲಿ ಕೆಲಕಾಲ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿದ್ದ ಆತ, ಬ್ರಿಟಿಷ್ ಸರ್ಕಾರ 1893–94ರಲ್ಲಿ ಭಾರತದಲ್ಲಿ ನೇಮಿಸಿದ್ದ ಹೆಂಪ್ ಡ್ರಗ್ಸ್ ಆಯೋಗದ ವರದಿಯ ಸಾರವನ್ನು 1968ರಲ್ಲಿ ಪ್ರಕಟಿಸಿದ. ಆ ಆಯೋಗ 1,193 ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಸೇವನೆಯಿಂದ ಗಮನಾರ್ಹ ಹಾನಿಯಿಲ್ಲ, ಅತಿಯಾದರೆ ಹಾನಿಯುಂಟು, ಪೂರ್ಣ ನಿಷೇಧ ಬೇಡ ಎಂದಿತ್ತು. ಕಲ್ಕತ್ತೆಯಲ್ಲಿದ್ದ ಐರಿಷ್ ವೈದ್ಯ ಓಶಾನೆಸಿ 1839ರಲ್ಲಿ ಸಂಧಿವಾತ, ಧನುರ್ವಾಯು, ಸೆಳೆತಗಳಿಗೆ ಗಾಂಜಾ ಕೊಟ್ಟು ನೋಡಿ ಬರೆದ ಪ್ರಬಂಧವನ್ನೂ ಮಿಕುರಿಯಾ 1973ರ ತನ್ನ ಸಂಕಲನದಲ್ಲಿ ಮರುಮುದ್ರಿಸಿದ. ‘ಹಿಂದೂ’ಗಳ ನೆಪ ಹೇಳಿ ನಿಷೇಧಿಸಿದ ರಾಜ್ಯದಲ್ಲಿ, ನಿಷೇಧ ತೆಗೆಯಲು ಹಿಂದೂಸ್ತಾನದ ದಾಖಲೆಗಳೇ ಕೈಗೆ ಬಂದವು.

ಡೆನಿಸ್ ಪೆರಾನ್ ಮತ್ತು ಬ್ರೌನಿ ಮೇರಿ

ವಿಯೆಟ್ನಾಂ ಯುದ್ಧದಲ್ಲಿ ವಾಯುಪಡೆಯಲ್ಲಿದ್ದು ಹಿಂದಿರುಗಿದ ಡೆನಿಸ್ ಪೆರಾನ್ (1945–2018) ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಬಡಾವಣೆಯಲ್ಲಿ, ಸಲಿಂಗಿಗಳ ನಡುವೆ, ಹೆಚ್ಚುಕಡಿಮೆ ಬಹಿರಂಗವಾಗಿ ಗಾಂಜಾ ಮಾರುತ್ತಿದ್ದ. 1977ರ ದಾಳಿಯಲ್ಲಿ ಪೊಲೀಸರ ಗುಂಡು ಅವನ ಕಾಲಿಗೆ ತಗುಲಿತು. ಮರುವರ್ಷ, ಗಾಂಜಾ ಪ್ರಕರಣಗಳಲ್ಲಿ ಬಂಧನ ನಿಲ್ಲಿಸಿ ಎಂದು ನಗರಾಡಳಿತವನ್ನು ಕೇಳುವ ಪ್ರಪೊಸಿಷನ್ ಡಬ್ಲ್ಯೂ ಅವನ ಮುಂದಾಳತ್ವದಲ್ಲಿ ಗೆದ್ದಿತು. ಬೆನ್ನಲ್ಲೇ, 1978ರ ನವೆಂಬರ್ 27ರಂದು, ಆಗ ಮೇಯರ್ ಆಗಿದ್ದ ಮೋಸ್ಕೋನಿ ಮತ್ತು ಪೆರಾನ್‌ನ ಗೆಳೆಯನೂ ನಗರ ಮಂಡಳಿಯ ಸದಸ್ಯನೂ ಆಗಿದ್ದ ಹಾರ್ವಿ ಮಿಲ್ಕ್ ಇಬ್ಬರೂ ಕೊಲೆಯಾದರು. ನಿರ್ಣಯ ಕಾಗದದ ಮೇಲೇ ಉಳಿಯಿತು.

ಮೇರಿ ರಾತ್‌ಬನ್ (1922–1999) ಹೋಟೆಲಿನಲ್ಲಿ ಬಡಿಸುವ ಕೆಲಸದವಳು. ಸಂಪಾದನೆಗೆಂದು ಮನೆಯಲ್ಲಿ ಗಾಂಜಾ ಬೆರೆಸಿದ ಬ್ರೌನಿ (ಚಾಕೊಲೇಟ್ ಕೇಕು) ಸುಟ್ಟು ಮಾರುತ್ತಿದ್ದಳು. 1981ರ ಜನವರಿಯಲ್ಲಿ ಪೊಲೀಸರು ಬಾಗಿಲು ತಟ್ಟಿದಾಗ ಅಡುಗೆಮನೆಯಲ್ಲಿ 54 ಡಜನ್ ಬ್ರೌನಿ ಸಿಕ್ಕವು. ನ್ಯಾಯಾಧೀಶರು ವಿಧಿಸಿದ 500 ಗಂಟೆಗಳ ಸಮಾಜಸೇವೆ ಅವಳ ಬದುಕಿನ ದಿಕ್ಕನ್ನೇ ಬದಲಿಸಿತು. ಹೆಸರಿಲ್ಲದ ಹೊಸ ಕಾಯಿಲೆಯೊಂದು ಆಗತಾನೆ ನಗರದ ಗಂಡಸರನ್ನು ಕೊಲ್ಲತೊಡಗಿತ್ತು. ಶಿಕ್ಷೆ ಮುಗಿದ ಮೇಲೂ ಆಕೆ ಸೇವೆ ಬಿಡಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯ 86ನೇ ವಾರ್ಡಿನ ಏಡ್ಸ್ ಹೊರರೋಗಿ ವಿಭಾಗದಲ್ಲಿ ಸ್ವಯಂಸೇವಕಿಯಾದಳು. ವಾಕರಿಕೆಯಿಂದ ಅನ್ನ ಸೇರದೆ ಸೊರಗುತ್ತಿದ್ದ ಹುಡುಗರು ಬ್ರೌನಿ ತಿಂದ ಮೇಲೆ ಊಟ ಕೇಳುವುದನ್ನು ಕಂಡು, ಕಾಸು ತೆಗೆದುಕೊಳ್ಳದೆ ಹಂಚತೊಡಗಿದಳು. ಅವರೆಲ್ಲ ಆಕೆಗೆ ‘ನನ್ನ ಮಕ್ಕಳು’. ಸೊಪ್ಪನ್ನು ಬೆಳೆಗಾರರು ದಾನ ಕೊಡುತ್ತಿದ್ದರು. 1992ರ ಜುಲೈನಲ್ಲಿ ಸೊನೋಮಾ ಜಿಲ್ಲೆಯಲ್ಲಿ ಹಿಟ್ಟು ಕಲಸುತ್ತಿರುವಾಗಲೇ ಮತ್ತೆ ಬಂಧನವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ನಗರ ಮಂಡಳಿ ಆಗಸ್ಟ್ 25ನ್ನು ‘ಬ್ರೌನಿ ಮೇರಿ ದಿನ’ ಎಂದು ಘೋಷಿಸಿತು, ಮೊಕದ್ದಮೆ ಬಿದ್ದುಹೋಯಿತು. ಎಪ್ಪತ್ತರ ಅಜ್ಜಿಯನ್ನು ಕಟಕಟೆಗೆ ಏರಿಸುವುದು ಯಾವ ಸರ್ಕಾರಿ ವಕೀಲನಿಗೂ ಲಾಭದ ಬಾಬತ್ತಲ್ಲ.

ಪೆರಾನ್‌ಗೂ ತಿರುವು ಬಂದದ್ದು ರೋಗದಿಂದಲೇ. 1990ರ ಜನವರಿಯಲ್ಲಿ ಪೊಲೀಸರು ಅವನ ಮನೆಗೆ ನುಗ್ಗಿ ನಾಲ್ಕು ಔನ್ಸ್ ಗಾಂಜಾ ವಶಪಡಿಸಿಕೊಂಡರು. ಅವನ ಸಂಗಾತಿ ಜೊನಾಥನ್ ವೆಸ್ಟ್ ಏಡ್ಸ್‌ನ ಕೊನೆಯ ಹಂತದಲ್ಲಿದ್ದ. ಎಲುಬಿನ ಗೂಡಾಗಿದ್ದ ವೆಸ್ಟ್ ನ್ಯಾಯಾಲಯಕ್ಕೆ ಬಂದು, ಅದು ತನ್ನ ಔಷಧ, ತನ್ನದೇ ಎಂದು ಸಾಕ್ಷಿ ನುಡಿದ. ಪ್ರಕರಣ ವಜಾ ಆಯಿತು. ಕೆಲವೇ ದಿನಗಳಲ್ಲಿ ವೆಸ್ಟ್ ತೀರಿಕೊಂಡ. ಗಾಂಜಾವನ್ನು ಮತ್ತೆ ಔಷಧಗಳ ಪಟ್ಟಿಗೆ ಸೇರಿಸಿ ಎನ್ನುವ ಪ್ರಪೊಸಿಷನ್ ಪಿ ಯನ್ನು ಪೆರಾನ್ 1991ರಲ್ಲಿ ನಗರದ ಮುಂದಿಟ್ಟಾಗ ಸುಮಾರು ಶೇ. 80ರಷ್ಟು ಮತ ಬಂತು. ನಂತರ ಅವನು ತೆರೆದ ಕ್ಯಾನಬಿಸ್ ಬೈಯರ್ಸ್ ಕ್ಲಬ್ ಕಾನೂನಿನ ಪ್ರಕಾರ ಅಪರಾಧವೇ. ಆದರೆ ಮಾರ್ಕೆಟ್ ಸ್ಟ್ರೀಟ್‌ನ ಐದು ಅಂತಸ್ತಿನ ಕಟ್ಟಡದಲ್ಲಿ, ವೈದ್ಯರ ಚೀಟಿ ನೋಡಿ ಗುರುತಿನ ಕಾರ್ಡ್ ಕೊಟ್ಟು, ಸಾವಿರಾರು ಜನರಿಗೆ ಮಾರಾಟ ನಡೆಯಿತು. ಕೊಳ್ಳಲು ಬಂದವರು ಅಲ್ಲೇ ಸೋಫಾಗಳಲ್ಲಿ ಕೂತು ಹರಟುತ್ತಿದ್ದರು. ಮನೆಯವರೇ ಹೊರಹಾಕಿದ ರೋಗಿಗಳಿಗೆ ಔಷಧದಷ್ಟೇ ಆ ಹರಟೆಯೂ ಬೇಕಿತ್ತು.

ಪ್ರಪೊಸಿಷನ್ 215

ಶಾಸನಸಭೆ 1994 ಮತ್ತು 1995ರಲ್ಲಿ ಅಂಗೀಕರಿಸಿದ ವೈದ್ಯಕೀಯ ಗಾಂಜಾ ಮಸೂದೆಗಳನ್ನು ಗವರ್ನರ್ ಪೀಟ್ ವಿಲ್ಸನ್ ತಿರಸ್ಕರಿಸಿದ. ಉಳಿದದ್ದು ಸಹಿ ಸಂಗ್ರಹವೊಂದೇ. ಪೆರಾನ್, ಮಿಕುರಿಯಾ, ಕ್ಯಾಲಿಫೋರ್ನಿಯಾ ನಾರ್ಮಲ್‌ನ ಡೇಲ್ ಗೀರಿಂಗರ್, ಸಾಂತಾ ಕ್ರೂಜ್‌ನ ಮೂರ್ಛೆರೋಗಿ ವ್ಯಾಲರಿ ಕೊರಲ್, ದಾದಿ ಆನಾ ಬಾಯ್ಸ್ ಮುಂತಾದವರು ಕೂಡಿ ಕರಡು ಬರೆದರು. ಕರಡಿನಲ್ಲಿ ಜಾಣತನವಿತ್ತು. ಔಷಧ ಚೀಟಿ ಬರೆಯುವುದು ಕೇಂದ್ರ ಕಾನೂನಿನ ಹಿಡಿತದಲ್ಲಿದ್ದುದರಿಂದ, ವೈದ್ಯರು ಬರೆದೋ ಬಾಯಿಮಾತಿನಲ್ಲೋ ‘ಶಿಫಾರಸು’ ಮಾಡಿದರೆ ಸಾಕೆಂದು ಇಟ್ಟರು. ಏಡ್ಸ್, ಕ್ಯಾನ್ಸರ್, ಗ್ಲಾಕೋಮಾಗಳ ಪಟ್ಟಿಯ ಕೊನೆಗೆ, ಗಾಂಜಾದಿಂದ ಉಪಶಮನ ಸಿಗುವ ಬೇರಾವುದೇ ಕಾಯಿಲೆ ಎಂದು ಸೇರಿಸಿದರು. ವಿರೋಧಿಗಳು ಈ ಸಾಲನ್ನೇ ಹಿಡಿದು ಜಗ್ಗಿದರು.

ಬೇಕಿದ್ದದ್ದು ಸುಮಾರು 4,33,000 ಸಹಿ, ಅದೂ 150 ದಿನಗಳೊಳಗೆ. 1996ರ ಆರಂಭದಲ್ಲಿ ಸ್ವಯಂಸೇವಕರ ಗಂಟಿನಲ್ಲಿದ್ದದ್ದು ಅದರ ಸಣ್ಣ ಪಾಲು. ಆಗ ಜಾರ್ಜ್ ಸೊರೊಸ್, ಪೀಟರ್ ಲೂಯಿಸ್ ಮೊದಲಾದ ಶ್ರೀಮಂತರ ಹಣ ಬಂತು. ಬಿಲ್ ಜಿಮರ್‌ಮನ್ ಎಂಬ ವೃತ್ತಿಪರ ಪ್ರಚಾರಕ ಚುಕ್ಕಾಣಿ ಹಿಡಿದ. ಕೂಲಿಗೆ ಸಹಿ ಸಂಗ್ರಹಿಸುವವರು ಬೀದಿಗಿಳಿದರು. ಟಿ.ವಿ. ಜಾಹೀರಾತುಗಳಿಂದ ಪೆರಾನ್‌ನನ್ನು ದೂರವಿಟ್ಟು ವೈದ್ಯರನ್ನೂ ರೋಗಿಗಳ ಮನೆಯವರನ್ನೂ ಮುಂದೆ ತಂದರು. ಹಳಬರಿಗೆ ಇದರಿಂದ ನೋವಾಯಿತು. ನೋವು ನ್ಯಾಯವಾದದ್ದೇ, ಆದರೆ ಹಣವಿಲ್ಲದೆ ಆ ವರ್ಷ ಮತಪತ್ರದ ಮೇಲೆ ಪ್ರಸ್ತಾವ ಕಾಣುತ್ತಲೇ ಇರಲಿಲ್ಲ.

ಆಗಸ್ಟ್ 4ರಂದು ರಾಜ್ಯದ ಅಟಾರ್ನಿ ಜನರಲ್ ಡ್ಯಾನ್ ಲಂಗ್ರನ್‌ನ ಆದೇಶದಂತೆ ಪೆರಾನ್‌ನ ಕ್ಲಬ್ ಮೇಲೆ ದಾಳಿಯಾಯಿತು. ‘ಡೂನ್ಸ್‌ಬರಿ’ ವ್ಯಂಗ್ಯಚಿತ್ರ ಸರಣಿ ದಾಳಿಯನ್ನು ಗೇಲಿ ಮಾಡಿದಾಗ, ಅದನ್ನು ಹಾಕಬೇಡಿ ಎಂದು ಲಂಗ್ರನ್ ಪತ್ರಿಕೆಗಳಿಗೆ ಹೇಳಲು ಹೋಗಿ ತಾನೇ ನಗೆಪಾಟಲಾದ. ಮತದಾನದಲ್ಲಿ ಪರವಾಗಿ ಬಿದ್ದದ್ದು ಶೇ. 55.6.

ನಂತರದ ಕಾಲ

ಗೆಲುವಿನ ಬೆನ್ನಿಗೇ, ಶಿಫಾರಸು ಮಾಡುವ ವೈದ್ಯರ ಪರವಾನಗಿಗೆ ಕುತ್ತು ತರುವುದಾಗಿ ಕೇಂದ್ರ ಸರ್ಕಾರ ಬೆದರಿಸಿತು. ಏಡ್ಸ್ ತಜ್ಞ ಮಾರ್ಕಸ್ ಕೊನಾಂಟ್ ಮತ್ತಿತರರು ಹೂಡಿದ ದಾವೆಯಲ್ಲಿ 2002ರಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ವೈದ್ಯರ ವಾಕ್‌ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತು. ಬೆಳೆಯುವವರಿಗೆ ಆ ರಕ್ಷಣೆ ಇರಲಿಲ್ಲ. ವ್ಯಾಲರಿ ಕೊರಲ್ 1993ರಿಂದ ನಡೆಸುತ್ತಿದ್ದ ವಾಮ್ ಎಂಬ ರೋಗಿಗಳ ಸಹಕಾರಿ ತೋಟದ ಮೇಲೆ 2002ರ ಸೆಪ್ಟೆಂಬರ್ 5ರಂದು ಕೇಂದ್ರದ ಮಾದಕವಸ್ತು ಪೊಲೀಸರು ದಾಳಿಯಿಟ್ಟು ಗಿಡಗಳನ್ನೆಲ್ಲ ಕಡಿದರು. ಹನ್ನೆರಡು ದಿನಗಳ ನಂತರ ಸಾಂತಾ ಕ್ರೂಜ್ ನಗರಸಭೆಯ ಅಂಗಳದಲ್ಲಿ, ಚುನಾಯಿತ ಸದಸ್ಯರ ಎದುರಿಗೇ, ಗಾಲಿಕುರ್ಚಿಯಲ್ಲಿ ಬಂದವರಿಗೂ ಸೇರಿ ರೋಗಿಗಳಿಗೆ ಗಾಂಜಾ ಹಂಚಲಾಯಿತು. 2005ರ ರೈಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರಾಜ್ಯ ಒಪ್ಪಿದರೂ ಕೇಂದ್ರಕ್ಕೆ ಮೊಕದ್ದಮೆ ಹೂಡುವ ಅಧಿಕಾರವಿದೆ ಎಂದಿತು.

ರೋಗವಿಲ್ಲದವರಿಗೂ ಅನುಮತಿ ಕೇಳಿದ 2010ರ ಪ್ರಪೊಸಿಷನ್ 19 ಸೋತಿತು; 2016ರ ಪ್ರಪೊಸಿಷನ್ 64 ಶೇ. 57ರಷ್ಟು ಮತ ಪಡೆದು ಗೆದ್ದಿತು. ಪೆರಾನ್ ಎರಡನ್ನೂ ವಿರೋಧಿಸಿದ. ಗಾಂಜಾ ಸೇವನೆಯೆಲ್ಲ ಔಷಧವೇ, ಅದನ್ನು ಸರಕು ಮಾಡಬಾರದು ಎಂಬುದು ಅವನ ವಾದ. ಮೊದಲ ಭಾಗ ಅತಿಯಾಯಿತು. ಎರಡನೆಯದನ್ನು ಹಂಬೋಲ್ಟ್ ಜಿಲ್ಲೆಯ ಸಣ್ಣ ಬೆಳೆಗಾರರು ಪರವಾನಗಿ ಶುಲ್ಕ, ತೆರಿಗೆ ಮತ್ತು ದೊಡ್ಡ ತೋಟಗಳ ಪೈಪೋಟಿಯ ನಡುವೆ ಅನುಭವಿಸಿದರು. ಕಾರ್ಯಕರ್ತರ ಕೆಲಸವೂ ಬದಲಾಯಿತು. ಹಳೆಯ ಗಾಂಜಾ ಶಿಕ್ಷೆಗಳನ್ನು ದಾಖಲೆಯಿಂದ ಅಳಿಸುವ ಕೆಲಸ ಮುಂದೆ ಬಂತು. ಸ್ಯಾನ್ ಫ್ರಾನ್ಸಿಸ್ಕೋ ಒಂದರಲ್ಲೇ 1975ರಿಂದೀಚಿನ 9,000ಕ್ಕೂ ಹೆಚ್ಚು ಪ್ರಕರಣಗಳು 2019ರ ಹೊತ್ತಿಗೆ ಗುರುತಿಸಲ್ಪಟ್ಟವು.

ಹೊಸ ಕಾನೂನು ಇನ್ನೊಂದು ತೊಡಕನ್ನೂ ತಂದಿತು. 2018ರಲ್ಲಿ ಪರವಾನಗಿಯ ವ್ಯವಸ್ಥೆ ಜಾರಿಗೆ ಬಂದಾಗ, ಬಡ ರೋಗಿಗಳಿಗೆ ಪುಕ್ಕಟೆ ಕೊಡುವ ಗಾಂಜಾಕ್ಕೂ ತೆರಿಗೆ ಕಟ್ಟಬೇಕಾಗಿ, ದಾನದ ಸಂಘಗಳು ಕೈಚೆಲ್ಲತೊಡಗಿದವು. ಮತ್ತೆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಓಡಾಟ, ಮತ್ತೆ ಮನವಿ. 2019ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಕಾಯ್ದೆ ಆ ತೆರಿಗೆಗೆ ವಿನಾಯಿತಿ ಕೊಟ್ಟಿತು. ಅದರ ಹೆಸರು ಡೆನಿಸ್ ಪೆರಾನ್ ಮತ್ತು ಬ್ರೌನಿ ಮೇರಿ ಕಾಯ್ದೆ.