ಶಿಷ್ಯಶಾಸನ: ಗುರುವಿನ ಅಧಿಕಾರವೂ ಹೊಣೆಯೂ

ಪ್ರಾಚೀನ ಭಾರತದಲ್ಲಿ ಗುರುವಿನ ಬೆತ್ತಕ್ಕೆ ಮೇರೆಯಿರಲಿಲ್ಲವೆಂಬ ಭಾವನೆಗೆ ಗೌತಮ ಧರ್ಮಸೂತ್ರವು ಎಡೆಗೊಡುವುದಿಲ್ಲ. ಶಿಷ್ಯನನ್ನು ಹೊಡೆಯದೆಯೇ ತಿದ್ದತಕ್ಕದ್ದೆಂಬುದು ಅಲ್ಲಿಯ ಮೊದಲ ವಿಧಿ. ಅದು ಅಶಕ್ಯವಾದಾಗ ಮಾತ್ರ ತೆಳುವಾದ ಹಗ್ಗ ಇಲ್ಲವೆ ಬಿದಿರಿನ ಸೀಳು. ಅನ್ಯಸಾಧನದಿಂದ ಹೊಡೆದ ಗುರುವನ್ನು ರಾಜನು ದಂಡಿಸತಕ್ಕದ್ದು. ಆಚರಣೆ ಹೇಗಿತ್ತೆಂಬುದು ಬೇರೆ ಮಾತು. ಗುರುಕುಲದ ಹೊಸ್ತಿಲನ್ನು ರಾಜಶಾಸನವು ದಾಟಬಲ್ಲುದೆಂದು ಸೂತ್ರಕಾರನು ಒಪ್ಪಿದುದೇ ನಮಗೆ ಮುಖ್ಯವಾಗಿ ತೋರುತ್ತದೆ.

ಅನುಶಾಸನವು ಅಹಿಂಸೆಯಿಂದಲೇ ಆಗಬೇಕೆಂದು 2ನೆಯ ಅಧ್ಯಾಯದಲ್ಲಿ ನುಡಿದ ಮನುಸ್ಮೃತಿಯಾದರೋ, ವ್ಯವಹಾರವನ್ನು ಕುರಿತ 8ನೆಯದರಲ್ಲಿ ಶಿಷ್ಯನನ್ನು ಹೆಂಡತಿ, ಮಗ, ದಾಸರೊಡನೆ ಸೇರಿಸಿ, ಬೆನ್ನಿಗೆ ಹೊಡೆಯಬಹುದು, ತಲೆಗೆ ಕೂಡದು ಎನ್ನುತ್ತದೆ. ಮೀರಿದವನಿಗೆ ಕಳ್ಳನ ದೋಷ. ಶಿಕ್ಷಣತತ್ತ್ವವೊಂದು, ನ್ಯಾಯವೊಂದು!

ಇಂಗ್ಲೆಂಡಿನ ನ್ಯಾಯದಲ್ಲಿ ಈ ಅಧಿಕಾರವು ತಂದೆಯಿಂದ ಬಂದುದು. 1860ರಲ್ಲಿ ಈಸ್ಟ್‌ಬೋರ್ನಿನ ಉಪಾಧ್ಯಾಯ ತಾಮಸ್ ಹಾಪ್ಲಿಯ ಹೊಡೆತದಿಂದ ಬಾಲಕನೊಬ್ಬನು ಸತ್ತನು. ತಂದೆಯ ಒಪ್ಪಿಗೆಯಿದ್ದರೂ, ದಂಡನೆ ಮಿತವೂ ಯುಕ್ತವೂ ಆಗಿರತಕ್ಕದ್ದೆಂದು ಹೇಳಿ ನ್ಯಾಯಾಲಯವು ಅವನಿಗೆ 4 ವರ್ಷಗಳ ಸೆರೆ ವಿಧಿಸಿತು. ಈ ಮಿತದಂಡನೆಯ ನ್ಯಾಯವೇ ಭಾರತದಲ್ಲಿಯೂ ಬಹುಕಾಲ ನಡೆಯಿತು.

2009ರ ಶಿಕ್ಷಣದ ಹಕ್ಕಿನ ಅಧಿನಿಯಮದ 17ನೆಯ ಕಲಮು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು: ಗೌತಮನ ಮೊದಲ ವಿಧಿ, ಅಪವಾದವಿಲ್ಲದೆ. ಆದರೆ ತಪ್ಪಿದವನಿಗೆ ಆ ಕಲಮು ಹೇಳುವುದು ಸೇವಾನಿಯಮಗಳಂತೆ ಶಿಸ್ತುಕ್ರಮವನ್ನು. ಗೌತಮನು ಹೇಳಿದ್ದು ರಾಜದಂಡವನ್ನು.