ಕಿವಿಯ ಗುರುತು, ಕಡತದ ಬರಹ

ಮನೆಯ ನಾಯಿ ದಾರಿ ತಪ್ಪಿ ಬೇರೊಂದು ಬೀದಿ ಸೇರಿದರೆ, ಅದು ಯಾರದೆಂದು ಅಲ್ಲಿಯವರು ಅರಿಯುವುದೆಂತು? ಮೂಕಪ್ರಾಣಿ ತನ್ನ ವಿಳಾಸವನ್ನು ಹೇಳಲಾರದು. ಈ ತೊಡಕಿಗೆ ನಮ್ಮ ಹಿಂದಿನವರು ದನಕರುಗಳ ವಿಷಯದಲ್ಲಿ ಪರಿಹಾರ ಕಂಡುಕೊಂಡಿದ್ದರು.

ಪಾಣಿನಿಯ ಒಂದು ಸೂತ್ರ ಕಿವಿಯ ಗುರುತುಗಳನ್ನು ಕುರಿತದ್ದು. ಎಂಟು, ಐದು, ರಂಧ್ರ, ಸ್ವಸ್ತಿಕ ಮೊದಲಾದವು ಅಲ್ಲಿ ಬರುತ್ತವೆ. ಪಶುವಿನ ಒಡೆಯನಾರೆಂದು ತಿಳಿಸಲು ಮಾಡಿದ ಗುರುತುಗಳಿವು ಎಂದು ಕಾಶಿಕಾವೃತ್ತಿ ವಿವರಿಸುತ್ತದೆ. ಮಹಾಭಾರತದ ಘೋಷಯಾತ್ರೆಗೆ ದುರ್ಯೋಧನನು ಹೂಡಿದ ನೆಪವೂ ಗೋವುಗಳನ್ನೆಣಿಸಿ ಕರುಗಳಿಗೆ ಗುರುತು ಹಾಕಿಸುವುದೇ.

ಆದರೆ ಗುರುತೊಂದೇ ಸಾಲದು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಒಂದೆರಡು ತಿಂಗಳ ಕರುವಿಗೆ ಮುದ್ರೆ ಹಾಕಬೇಕು. ಆ ಮುದ್ರೆ, ಹುಟ್ಟುಗುರುತು, ಬಣ್ಣ, ಕೊಂಬುಗಳ ಅಂತರ ಇವೆಲ್ಲವನ್ನೂ ಗೋಧ್ಯಕ್ಷನು ಕಡತದಲ್ಲಿ ಬರೆಯಿಸಬೇಕು. ಎಲ್ಲಿಂದಲೋ ಬಂದು ಮಂದೆಯಲ್ಲಿ ಒಂದೆರಡು ತಿಂಗಳು ಉಳಿದ ದನಕ್ಕೂ ಮುದ್ರೆ ಬೀಳುತ್ತಿತ್ತು. ಒಡೆಯನು ತಡಮಾಡಿದರೆ ತನ್ನ ಹಸುವಿನ ಮೈಮೇಲೆ ಪರರ ಮುದ್ರೆಯನ್ನು ಕಾಣಬೇಕಾಗುತ್ತಿತ್ತು.

ಇಂದು ನಾಯಿ ಬೆಕ್ಕುಗಳ ಚರ್ಮದಡಿ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ ಇರಿಸುತ್ತಾರೆ. 1996ರ ಅಂತರರಾಷ್ಟ್ರೀಯ ಮಾನದಂಡದಂತೆ ಅದರ ಸಂಖ್ಯೆಗೆ 15 ಅಂಕಿಗಳು. ಓದುವ ಯಂತ್ರವನ್ನು ಹತ್ತಿರ ಹಿಡಿದರೆ ಸಂಖ್ಯೆ ಮಾತ್ರ ದೊರೆಯುತ್ತದೆ. ಪ್ರಾಣಿ ಎಲ್ಲಿದೆಯೆಂದು ಅದು ಹುಡುಕಿಕೊಡದು. ಯಜಮಾನನ ಹೆಸರು, ದೂರವಾಣಿ ಎಲ್ಲವೂ ಇರುವುದು ದಾಖಲೆಯಲ್ಲಿ. ಮನೆ ಬದಲಾಯಿಸಿದವರು ದಾಖಲೆಯನ್ನು ತಿದ್ದಿಸದಿದ್ದರೆ, ಆ ಸಂಖ್ಯೆ ಬಿಟ್ಟುಬಂದ ಮನೆಯ ಬಾಗಿಲನ್ನೇ ತೋರಿಸೀತು.

ಯಂತ್ರವಿಲ್ಲದ ನೆರೆಯವನಿಗಾಗಿ ಕೊರಳಪಟ್ಟಿಯ ಮೇಲೂ ದೂರವಾಣಿ ಸಂಖ್ಯೆಯಿರಲಿ. ಸಾಕಿದ ಪ್ರಾಣಿಯನ್ನು ಮನೆಗೆ ಮರಳಿಸುವುದು ಮೈಮೇಲಿನ ಗುರುತೂ ಕಡತದ ಬರಹವೂ ಕೂಡಿದಾಗಲೇ.